ಮಾಗಳಿ ಗುಂಡಿಯ ಮೇಲಿನ ಕಲ್ಲು

ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು ನಿಮಗೆ ಗೊತ್ತಲ್ಲ? ತಿನ್ನುವವರಿಗೆ ಅದು ಜಾಡಿಯಲ್ಲಿ ಸಿಗುತ್ತದೆ. ಪೆನುಕೊಂಡದ ಕಡೆಯ ಗುಡ್ಡಗಳಲ್ಲಿ ಅದನ್ನು ಅಗೆದು ಬದುಕುವ ಪೋತಪ್ಪನಂಥವರಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಇನ್ನಷ್ಟು ದೂರ ನಡೆದರೇ ಸಿಗುತ್ತಿತ್ತು.

ದೊಡ್ಡ ಯುದ್ಧ ಮುಗಿದ ಮಾರನೆಯ ವರ್ಷದ ಮಾತು. ಹಿಂದೂಪುರದ ವ್ಯಾಪಾರಿ ಮಲ್ಲಿಕಾರ್ಜುನಪ್ಪ, "ಗುರುವಾರದೊಳಗೆ ಒಂದು ಮೂಟೆ ಬೇರು ತಾ. ಇಲ್ದಿದ್ರೆ ಬೇರೆಯೋರಿಗೆ ಹೇಳ್ತೀನಿ ಕಣಪ್ಪ" ಅಂದುಬಿಟ್ಟಿದ್ದ. ಅಂದಿನಿಂದ ಪೋತಪ್ಪನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಎರಡು ದಿನ ಗುಡ್ಡ ಸುತ್ತಿದರೂ ಮೂಟೆಯ ತಳ ಕೂಡ ತುಂಬಲಿಲ್ಲ.

ಬುಧವಾರ ಬೆಳಗ್ಗೆ ಎಂಟು ವರ್ಷದ ಮಗಳು ನಾರಮ್ಮನನ್ನೂ, ಕಲ್ಯಾಣದುರ್ಗದ ಕಡೆಯಿಂದ ತವರಿಗೆ ಬಂದಿದ್ದ ಅಕ್ಕ ನರಸಕ್ಕನನ್ನೂ ಕರೆದುಕೊಂಡು ಗುಡ್ಡ ಹತ್ತಿದ.

ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಪಕ್ಕದ ಬೇರು ಒಂದೆರಡು ಕೊಯ್ಯಬೇಕು, ತಾಯಿಬೇರು ಮುಟ್ಟಕೂಡದು. ಗುಂಡಿಗೆ ಮಣ್ಣು ಮುಚ್ಚಿ ಮೇಲೊಂದು ಕಲ್ಲು ಇಡಬೇಕು, ಅದನ್ನು ಮಕ್ಕಳ ಕೈಯಿಂದಲೇ ಇಡಿಸಬೇಕು. ಕಲ್ಲಿದ್ದ ಬಳ್ಳಿಗೆ ಮೂರು ಮಳೆಗಾಲ ಹಾರೆ ತಾಗಿಸುವಂತಿಲ್ಲ. ನಾರಮ್ಮನಿಗೆ ಇದನ್ನು ಕಲಿಸಿದವಳು ಅವಳ ಅಜ್ಜಿ. ಪೋತಪ್ಪನಿಗೂ ಕಲಿಸಿದವಳು ಅವಳೇ.

ಆದರೆ ಅವಸರದವನ ತಲೆಗೆ ಬೇರೆಯೇ ಹೊಳೆಯಿತು. ಕಲ್ಲಿದ್ದ ಕಡೆ ಬೇರು ಇದ್ದೇ ಇರುತ್ತದಲ್ಲ, ಹುಡುಕುವ ಕಷ್ಟವೇ ಇಲ್ಲ! ಎಂಥ ಬುದ್ಧಿ ನೋಡಿ. ಕಲ್ಲು ಉರುಳಿಸುತ್ತ, ತಾಯಿಬೇರಿನ ಸಮೇತ ಮೀಟತೊಡಗಿದ.

"ಏನ್ಲಾ ಪೋತ, ಬುಡಸಮೇತ ಕಿತ್ಬುಟ್ಯಲ್ಲಾ!" ನರಸಕ್ಕ ಓಡಿ ಬಂದಳು.

"ಇದೊಂದು ಸಲ ಕಣಕ್ಕ. ಮಳೆ ಬಿದ್ರೆ ಮತ್ತೆ ಬತ್ತದೆ."

"ಎಲ್ಲಿಂದ ಬತ್ತದೆ? ನಮ್ ಕಡೆ ಗುಡ್ಡದಾಗೂ ಇದೇ ಮಾತಾಡಿದ್ರು ಕಣ್ಲಾ. ನನ್ ಗಂಡಾನೂ ಅಂದ. ಮಳೆ ಬಂತು, ಹುಲ್ಲು ಬಂತು, ಬಳ್ಳಿ ಬರ್ಲಿಲ್ಲ. ಈಗ ನನ್ ಮಕ್ಕಳ್ಗೆ ಮಾಗಳಿ ಎಲೆ ಹೆಂಗಿರ್ತದೆ ಅಂತ್ಲೂ ಗೊತ್ತಿಲ್ಲ. ಕೂಲಿಗೆ ಮಣ್ಣು ಹೊರಾಕೆ ಹೋಯ್ತಾರೆ."

"ನಿನ್ ಪುರಾಣ ಆಮೇಲೆ ಹೇಳು. ನಾಳೆ ಮೂಟೆ ಹೋಗ್ದಿದ್ರೆ ಆ ಅಂಗಡಿ ಬಾಗ್ಲೇ ಮುಚ್ಚೋಯ್ತದೆ ನಂಗೆ."

ಹೀಗೆ ಮಾತಿಗೆ ಮಾತು ಬೆಳೆಯುತ್ತಿರುವಾಗ ಪೋತಪ್ಪ ಹಿಂದಿರುಗಿ ನೋಡಿದ. ನಾರಮ್ಮ ಅವನು ಅಗೆದ ಗುಂಡಿಗಳಿಗೆ ಮಣ್ಣು ತುಂಬಿ, ಕಲ್ಲು ಹೊತ್ತು ತಂದು ಇಡುತ್ತ ಬರುತ್ತಿದ್ದಳು. ಆರನೆಯ ಗುಂಡಿಯ ಹತ್ತಿರ ಬಂದಿದ್ದಳು.

"ಬಿಡಮ್ಮಾ, ಅದ್ರಾಗೇನೂ ಇಲ್ಲ."

"ಇಲ್ವಾ ನಾಯ್ನಾ?" ಹುಡುಗಿ ಕಲ್ಲು ಹಿಡಿದುಕೊಂಡೇ ನಿಂತಳು. "ಮತ್ತೆ ನನ್ ಮಕ್ಕಳು ಕಲ್ಲು ನೋಡಿ, ಒಳಗೈತೆ ಅಂತ ಕಾಯ್ಕೊಂಡು ಕೂತ್ರೆ?"

ಪೋತಪ್ಪನಿಗೆ ಮಗಳ ಮುಖ ನೋಡಲು ನಾಚಿಕೆಯಾಯಿತು. ಹಿರಿಯರು ಇಡಿಸಿದ್ದ ಒಂದು ಕಲ್ಲಿನ ಕೆಳಗೂ ಅವನು ಯಾವತ್ತೂ ಬರಿ ಮಣ್ಣು ಕಂಡವನಲ್ಲ.

"ಅಕ್ಕಾ, ಈ ಬುಡಗಳ್ನ ಮತ್ತೆ ನೆಟ್ರೆ ಹಿಡಿತವಾ?"

"ಕೆಲವು ಹಿಡಿತವೆ, ಕೆಲವು ಸಾಯ್ತವೆ. ಒಣಗೋಕ್ ಮುಂಚೆ ನೆಡು, ಮಾತಾಡ್ಬ್ಯಾಡ."

ಪಕ್ಕದ ಬೇರಷ್ಟೇ ಚೀಲಕ್ಕೆ ಹಾಕಿ, ಆರು ಬುಡಗಳನ್ನೂ ಅವನು ಮತ್ತೆ ನೆಟ್ಟು, ಮಗಳ ಕೈಯಿಂದಲೇ ಕಲ್ಲು ಇಡಿಸಿದ. ಮಧ್ಯಾಹ್ನದವರೆಗೆ ಕೆಳಗಿನ ಕುಂಟೆಯಿಂದ ನೀರು ಹೊತ್ತ.

ಮರುದಿನ ಹಿಂದೂಪುರದಲ್ಲಿ ಮಲ್ಲಿಕಾರ್ಜುನಪ್ಪ ಚೀಲ ನೋಡಿ, "ಇಷ್ಟೇನಾ?" ಎಂದು ಮುಖ ಗಂಟಿಕ್ಕಿದ.

"ಇಷ್ಟೇ ಸ್ವಾಮಿ. ಮುಂದಿನ ವರ್ಷಾನೂ ಬೇರು ಬೇಕಂದ್ರೆ ಈ ವರ್ಷ ಇಷ್ಟೇ ತಗೋಬೇಕು."

ಆತ ಗೊಣಗುತ್ತಲೇ ತೂಕಕ್ಕೆ ಹಾಕಿಸಿದ. ಮತ್ತೆ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಳೆಗಾಲದವರೆಗೂ ಪೋತಪ್ಪನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮಳೆ ಬಂದ ಮೇಲೆ ಆರರಲ್ಲಿ ಎರಡು ಬುಡ ಚಿಗುರಿದವು. ಉಳಿದ ನಾಲ್ಕರ ಮೇಲಿದ್ದ ಕಲ್ಲುಗಳನ್ನು ಪೋತಪ್ಪ ಮಗಳ ಮುಂದೆಯೇ ತೆಗೆದು ಹಾಕಿದ. "ಇವು ನಾನು ಕೊಂದವು ಕಣಮ್ಮ," ಅಂದ.

ಓದುವವರೇ, ಓದಿಸಿ ಕೇಳುವವರೇ, ನಿಮ್ಮೂರಲ್ಲಿ ಮಾಗಳಿ ಇಲ್ಲದಿರಬಹುದು. ಹುಣಸೆ ಮರವಿದೆ, ಕುಂಟೆಯಿದೆ, ಬಿತ್ತನೆಯ ಕಾಳಿದೆ. ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಎಂದು ಮಕ್ಕಳಿಗೆ ಕೈ ಹಿಡಿದು ಕಲಿಸಿ. ಬುಡ ಕೀಳಬೇಡಿ, ಅಗೆದ ಗುಂಡಿ ಮುಚ್ಚಿ. ಕಲಿಸಿದ್ದನ್ನು ನೀವೇ ಮುರಿಯಲು ಹೊರಟಾಗ ಒಮ್ಮೆ ಹಿಂದಿರುಗಿ ನೋಡಿ, ನಿಮ್ಮ ಮಕ್ಕಳು ನಿಮ್ಮ ಮಾತು ನಂಬಿಕೊಂಡು ಹಿಂದೆಯೇ ಬರುತ್ತಿರುತ್ತಾರೆ.