ಶೇಕಡಾ ಹತ್ತು ಸೊರಗಿದವರಿಗೆ ಮಾತ್ರ

ನನ್ನ ಗಂಡ ಎಲ್ಬರ್ಟ್‌ಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ವಾರ ನಮ್ಮ ಫ್ರಿಜ್ಜಿನಲ್ಲಿ ಒಂಬತ್ತು ಪಾತ್ರೆ ಊಟ ಇತ್ತು. ನಮ್ಮ ಕೌಂಟಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಚರ್ಚಿನ ಹೆಂಗಸರು ಮೊದಲು ಓವನ್ ಹಚ್ಚುತ್ತಾರೆ, ಪ್ರಾರ್ಥನೆ ಆಮೇಲೆ. ಪ್ರತಿ ಪಾತ್ರೆಯ ತಳಕ್ಕೂ ಒಂದು ಬಿಳಿ ಟೇಪು, ಟೇಪಿನ ಮೇಲೆ ಯಜಮಾನಿಯ ಹೆಸರು. ತಿಂದಾದ ಮೇಲೆ ಪಾತ್ರೆಯನ್ನು ತೊಳೆದು ವಾಪಸು ಕೊಡಬೇಕು, ಖಾಲಿ ಮಾತ್ರ ಕೊಡಬಾರದು. ಕೋಳಿ, ಅನ್ನ, ಆಲೂಗಡ್ಡೆ, ಚೀಸು, ನಮ್ಮ ಫ್ರಿಜ್ಜಿನಲ್ಲಿ ಎಲ್ಲವೂ ಇತ್ತು. ಉಣ್ಣುವವನೊಬ್ಬ ಇರಲಿಲ್ಲ.

ಕೀಮೋ ಔಷಧಿ ಏರಿಸಲು ಶುರು ಮಾಡಿದ ದಿನದಿಂದ ಎಲ್ಬರ್ಟ್‌ಗೆ ಅಡುಗೆಯ ವಾಸನೆ ಬಂದರೂ ವಾಂತಿ. ನಾನು ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಈ ಊರಿನ ಅರ್ಧ ಜನ ನನ್ನ ಕೈಯ ಸೌಟಿನಿಂದಲೇ ಬೆಳೆದವರು, ಮದುವೆಯಾಗಿ ಎಷ್ಟು ವರ್ಷವಾದರೂ ಅವರಿಗೆ ನಾನು 'ಮಿಸ್ ಆರ್ಲೀನ್'. ಅಂಥವಳಿಗೆ ಕಟ್ಟಿಕೊಂಡ ಗಂಡನ ಗಂಟಲಲ್ಲಿ ಎರಡು ಚಮಚ ಇಳಿಸಲಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ, ಅವನಿಗೆ ಕೇಳಿಸಬಾರದೆಂದು.

ಡಾಕ್ಟರು ಒಂದು ಅಂಕಿ ಹೇಳಿಬಿಟ್ಟಿದ್ದರು. "ನೂರೈವತ್ತು ಪೌಂಡಿಗಿಂತ ಕೆಳಗೆ ಹೋದ್ರೆ ಔಷಧಿ ನಿಲ್ಲಿಸ್ಬೇಕಾಗುತ್ತೆ ಮಿಸ್ ಆರ್ಲೀನ್. ದೇಹ ತಡ್ಕೊಳಲ್ಲ."

ಕಾಯಿಲೆಗೆ ಮುಂಚೆ ಎಲ್ಬರ್ಟ್ ನೂರೆಂಬತ್ತು ಇದ್ದ. ಆ ದಿನ ನೂರ ಅರವತ್ತನಾಲ್ಕು. ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಗಾಂಜಾ ಎಣ್ಣೆ ಅಂತ ಬರುತ್ತೆ. ನಾಲಿಗೆ ಕೆಳಗೆ ನಾಲ್ಕು ಹನಿ. ವಾಂತಿ ನಿಲ್ಲುತ್ತೆ, ನೋವು ಇಳಿಯುತ್ತೆ, ಹಸಿವಾಗುತ್ತೆ. ನಾನು ಹೇಳ್ದೆ ಅನ್ಬೇಡಿ ಮತ್ತೆ."

ನಮ್ಮದು ದೇವರಿಗೆ ಹೆದರುವ ರಾಜ್ಯ. ಗಾಂಜಾ ಎಂದರೆ ಕೈಕೋಳ. ಆದರೆ ನಮ್ಮ ಚರ್ಚಿನಲ್ಲೇ ಮೂರನೇ ಬೆಂಚಿನಲ್ಲಿ ಕೂರುವ ಶಾಸಕ ರಾಯ್ಸ್ ಕಿಂಬ್ರೆಲ್ ನಾಲ್ಕು ವರ್ಷದ ಹಿಂದೆ ಒಂದು 'ಕರುಣೆಯ ಕಾನೂನು' ಮಾಡಿಸಿ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡಿದ್ದ. ಕ್ಯಾನ್ಸರಿನವರಿಗೆ ಒಂದು ಕಾರ್ಡು ಕೊಡುತ್ತಾರೆ, ಕಾರ್ಡು ಇದ್ದವರು ಎಣ್ಣೆ ಇಟ್ಟುಕೊಳ್ಳಬಹುದು. ಷರತ್ತು ಒಂದೇ: ರೋಗಿ ಶೇಕಡಾ ಹತ್ತರಷ್ಟು ತೂಕ ಕಳೆದುಕೊಂಡಿರಬೇಕು.

ನಾನು ಬಾಗಿಲಿಂದಲೇ ತಿರುಗಿ ಒಳಗೆ ಹೋಗಿ ಕಾರ್ಡು ಕೇಳಿದೆ. ಡಾಕ್ಟರು ಲೆಕ್ಕ ಹಾಕಿ ಇಲ್ಲವೆಂದು ತಲೆಯಾಡಿಸಿದರು. "ಒಂಬತ್ತು ಪರ್ಸೆಂಟು ಆಗಿದೆ. ಇನ್ನೆರಡು ಪೌಂಡು ಇಳೀಬೇಕು."

"ಅಂದ್ರೆ ನನ್ನ ಗಂಡನ್ನ ಇನ್ನೂ ನಾಲ್ಕು ದಿನ ಉಪವಾಸ ಕೆಡವಿ ಕರ್ಕೊಂಡು ಬರ್ಲಾ?"

"ಕಾನೂನು ನಾನು ಮಾಡಿದ್ದಲ್ಲಮ್ಮ."

"ಎಲ್ಬರ್ಟ್, ಬೂಟು ಬಿಚ್ಚು," ಎಂದೆ.

ಅವನು ಬೂಟು ಬಿಚ್ಚಿದ. ಬೆಲ್ಟು ಬಿಚ್ಚಿಸಿದೆ. ಅದರ ಹಿತ್ತಾಳೆ ಬಕಲು ಅಂಗೈಯಗಲ, ಗೂಳಿ ಸವಾರಿಯ ಪಂದ್ಯದಲ್ಲಿ ಗೆದ್ದದ್ದು. ಜೇಬಿನಿಂದ ಚಾಕು, ಬೀಗದ ಕೈ, ಟಾರ್ಚು ತೆಗೆಸಿದೆ. ಡಾಕ್ಟರು ಕಿಟಕಿಯಾಚೆ ಹಕ್ಕಿ ನೋಡುತ್ತ ನಿಂತರು, ಒಳ್ಳೆಯ ಮನುಷ್ಯ. ಎಲ್ಬರ್ಟ್ ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ತಕ್ಕಡಿ ಹತ್ತಿದ. ನೂರ ಅರವತ್ತು!

"ಅಭಿನಂದನೆಗಳು," ಎಂದಳು ನರ್ಸು. ಅವಳಿಗೂ ಬೇರೇನು ಹೇಳಬೇಕೆಂದು ತೋಚಲಿಲ್ಲ, ಪಾಪ.

ಕಾರ್ಡು ಬರುವ ಹೊತ್ತಿಗೆ ಐದು ವಾರ. ಎಲ್ಬರ್ಟ್ ನೂರೈವತ್ತನಾಲ್ಕು. ಕಾರ್ಡೇನೋ ಚೆನ್ನಾಗಿತ್ತು, ಮೂಲೆಯಲ್ಲಿ ರಾಜ್ಯದ ಲಾಂಛನ, ನಡುವೆ ನನ್ನ ಗಂಡನ ಇಳಿದ ಮುಖ. ಅದನ್ನು ಹಿಡಿದುಕೊಂಡು ಕೌಂಟಿಯ ಆರೋಗ್ಯ ಕಚೇರಿಗೆ ಹೋದೆ. ಗಾಜಿನ ಹಿಂದೆ ವಾಂಡಾ ಕೂತಿದ್ದಳು. ಆರನೇ ಕ್ಲಾಸಿನಲ್ಲಿ ಬಟಾಣಿಯನ್ನು ತಟ್ಟೆಯ ಕೆಳಗೆ ಬಚ್ಚಿಡುತ್ತಿದ್ದ ಹುಡುಗಿ.

"ಎಣ್ಣೆ ಎಲ್ಲಿ ಸಿಗುತ್ತೆ ವಾಂಡಾ?"

"ಎಲ್ಲೂ ಇಲ್ಲ ಮಿಸ್ ಆರ್ಲೀನ್. ನಮ್ಮ ರಾಜ್ಯದಲ್ಲಿ ಮಾರೋ ಹಾಗಿಲ್ಲ."

"ಹೊಳೆ ಆಚೆ ರಾಜ್ಯದಲ್ಲಿ ಮಾರ್ತಾರಲ್ಲ?"

"ಅಲ್ಲಿ ಕೊಳ್ಳಬಹುದು. ಇಲ್ಲಿಗೆ ತರೋ ಹಾಗಿಲ್ಲ. ತಂದ್ರೆ ಕಳ್ಳಸಾಗಣೆ."

"ಮನೇಲಿ ಬೆಳೀಬಹುದಾ?"

"ಅಯ್ಯೋ ದೇವ್ರೇ! ಜೈಲು."

"ಮತ್ತೆ ಈ ಕಾರ್ಡು ಯಾಕಮ್ಮ?"

"ಇಟ್ಕೊಳ್ಳೋಕೆ. ನಿಮ್ಮ ಹತ್ರ ಎಣ್ಣೆ ಇದ್ರೆ ಯಾರೂ ಏನೂ ಮಾಡೋ ಹಾಗಿಲ್ಲ."

"ಅದು ನನ್ನ ಹತ್ರ ಹೇಗೆ ಬರ್ಬೇಕು?"

ವಾಂಡಾ ಅತ್ತ ಇತ್ತ ನೋಡಿ ದನಿ ಇಳಿಸಿದಳು. "ಅದರ ವಿಷಯ ಕಾನೂನು ಮಾತಾಡಲ್ಲ."

ಆ ಭಾನುವಾರ ಚರ್ಚಿನಲ್ಲಿ ಈ ಸಂಗತಿಯನ್ನು ಹೆಂಗಸರ ಮುಂದೆ ಬೈದುಕೊಂಡು ಹೇಳಿದೆ. ಶಾಸಕ ರಾಯ್ಸ್‌ನ ತಾಯಿ ಮಿಸ್ ಯೂಲಲಿ ಪಕ್ಕದಲ್ಲೇ ಕೂತು ಕೇಳಿದರು. ಎಂಬತ್ತನಾಲ್ಕು ವರ್ಷ, ತಲೆ ಮೇಲೆ ನೇರಳೆ ಟೋಪಿ, ಬೆರಳೆಲ್ಲ ಸಂಧಿವಾತದಿಂದ ಸೊಟ್ಟ. ಮುಂದಿನ ಮಂಗಳವಾರ ಸಂಜೆ ಫೋನು ಮಾಡಿ, "ಕೋಳಿ-ಅನ್ನ ಮಾಡಿದೀನಿ, ಬಂದು ತಗೊಂಡು ಹೋಗೇ," ಎಂದರು.

"ಫ್ರಿಜ್ಜಲ್ಲಿ ಜಾಗ ಇಲ್ಲ ಮಿಸ್ ಯೂಲಲಿ."

"ಈ ಪಾತ್ರೆಗೆ ಜಾಗ ಮಾಡ್ಕೋತೀಯ. ತಳದವರೆಗೂ ತಿನ್ನಬೇಕು, ಗೊತ್ತಾಯ್ತಾ? ತಳದವರೆಗೂ."

ಆಗ ನನಗೆ ಒಂದು ಹಳೆಯ ಅನುಮಾನ ಪರಿಹಾರವಾಯಿತು. ನಮ್ಮ ಚರ್ಚಿನ ಕೌದಿ ಹೊಲಿಯುವ ಹೆಂಗಸರು ಬಟ್ಟೆ ತುಂಡು ತರಲೆಂದು ಪ್ರತಿ ಮಂಗಳವಾರ ಚರ್ಚಿನ ವ್ಯಾನಿನಲ್ಲಿ ಹೊಳೆ ದಾಟಿ ಹೋಗುತ್ತಾರೆ. ಒಂದೂವರೆ ವರ್ಷದಲ್ಲಿ ಒಂದೇ ಒಂದು ಕೌದಿ ಮುಗಿದಿದೆ. ಆದರೆ ಯಾರಿಗೂ ಮೊಣಕಾಲು ನೋವಿಲ್ಲ. ಪಾದ್ರಿಗಳು ಯಾವತ್ತೂ ಏನೂ ಕೇಳಿಲ್ಲ.

ನೀಲಿ ಹೂವಿನ ಪಿಂಗಾಣಿ ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಮನೆ ಕಡೆ ಬರುತ್ತಿದ್ದೆ. ಹತ್ತಿ ಗೋದಾಮಿನ ತಿರುವಿನಲ್ಲಿ ಪೊಲೀಸು ಕಾರು ಹಿಂದಿನಿಂದ ದೀಪ ಮಿಟುಕಿಸಿತು. ಇಳಿದು ಬಂದವನು ಲಮಾರ್ ಪಿಟ್ಸ್, ಶೆರಿಫ್ ಕೈಕೆಳಗಿನವನು. ನನ್ನ ಸಾಲಿನಲ್ಲಿ ಯಾವಾಗಲೂ ಎರಡನೇ ಸಲ ನಿಲ್ಲುತ್ತಿದ್ದ ಹೊಟ್ಟೆಬಾಕ.

"ಹಿಂದಿನ ಲೈಟು ಹೋಗಿದೆ ಮಿಸ್ ಆರ್ಲೀನ್. ಎಲ್ಬರ್ಟಣ್ಣ ಹೇಗಿದಾರೆ?"

"ಇದಾನೆ ಕಣಪ್ಪ."

"ಸರಿ, ನಾಳೆ ಲೈಟು ಹಾಕಿಸ್ಕೊಳಿ," ಎಂದವನು ಅಲ್ಲಿಗೆ ಹೋಗಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಿಟಕಿಯಲ್ಲಿ ತಲೆ ಇಟ್ಟವನ ಮೂಗು ಅರಳಿತು. "ಕೋಳಿ-ಅನ್ನಾನಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲಮ್ಮ."

ನನ್ನ ಬಾಯಿಗೆ ಬೆಂಕಿ ಬೀಳ! ಮೂವತ್ತೊಂದು ವರ್ಷದ ಅಭ್ಯಾಸ. ಹಸಿದೆ ಎಂದವನ ಮುಂದೆ ಮುಚ್ಚಳ ತೆಗೆಯದೆ ಇರುವುದು ಈ ಕೈಗೆ ಗೊತ್ತಿಲ್ಲ. "ಒಂದು ಚಮಚ ತಿನ್ನೋ ಮಗಾ," ಎಂದುಬಿಟ್ಟೆ. ಡ್ಯಾಶ್‌ಬೋರ್ಡಿನಿಂದ ಚಮಚವನ್ನೂ ಕೊಟ್ಟೆ. ಅವನು ಶಾಲೆಯಲ್ಲಿದ್ದಾಗಿನ ಹಾಗೇ ಮೂಲೆಯಿಂದ ಆಳಕ್ಕೆ ತೋಡಿದ. ಟಣ್ ಎಂದಿತು.

ಬೆಳ್ಳಿ ಕಾಗದದಲ್ಲಿ ಸುತ್ತಿದ ಬಾಟಲಿಯನ್ನು ಅವನು ಬಿಚ್ಚಿ ನೋಡಿದ. ಬಾಯಲ್ಲಿ ಅನ್ನ ಹಾಗೇ ಇತ್ತು. ನಾನು ಕಾರ್ಡು ಚಾಚಿದೆ.

"ಇಟ್ಕೊಳ್ಳೋದು ಸರಿ," ಎಂದ, ನುಂಗಿಕೊಂಡು. "ಆದ್ರೆ ಬಾಟ್ಲಿ ಚೀಟಿ ಮೇಲೆ ಹೊಳೆ ಆಚೆ ಅಂಗಡಿ ಹೆಸರಿದೆಯಲ್ಲಮ್ಮ. ತಂದೋರು ಯಾರು?"

"ನಂಗೆ ಪಾತ್ರೆ ಒಳಗೆ ಸಿಕ್ತು."

"ಯಾರ ಪಾತ್ರೆ?"

ಕೇಳುತ್ತಲೇ ಎತ್ತಿ ತಳ ನೋಡಿದ. ಬಿಳಿ ಟೇಪು. ದಪ್ಪಕ್ಷರದಲ್ಲಿ 'ಯೂ. ಕಿಂಬ್ರೆಲ್'. ಆ ಪುಣ್ಯಾತ್ಗಿತ್ತಿ ಒಂದೂವರೆ ವರ್ಷ ರಾಜ್ಯದ ಕಣ್ಣಿಗೆ ಮಣ್ಣೆರಚಿದ್ದಳು, ಪಾತ್ರೆಗೆ ಹೆಸರು ಅಂಟಿಸದೆ ಕೊಡುವುದು ಮಾತ್ರ ಅವಳಿಂದ ಆಗಿರಲಿಲ್ಲ. ಲಮಾರನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ದೇವ್ರೇ, ನಾನ್ಯಾಕೆ ಹಸಿದಿದ್ದೆ," ಎಂದು ಗೊಣಗುತ್ತ ಪಾತ್ರೆಯನ್ನೂ ಬಾಟಲಿಯನ್ನೂ ಸಾಕ್ಷಿಗೆಂದು ಒಯ್ದ.

ಮರುದಿನ ಮಧ್ಯಾಹ್ನ ರಾಯ್ಸ್ ಕಿಂಬ್ರೆಲ್ ನಮ್ಮ ಮನೆಗೆ ಬಂದ. ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೂತ. ಒಳಕೋಣೆಯಲ್ಲಿ ಎಲ್ಬರ್ಟ್ ಬಕೆಟ್ಟಿಗೆ ಬಗ್ಗಿ ಓಕರಿಸುವುದು ಕೇಳಿಸುತ್ತಿತ್ತು.

"ಅಮ್ಮ ಬರೀ ಊಟ ಕೊಟ್ಟಿದ್ರು, ಬಾಟ್ಲಿ ಇಟ್ಟಿದ್ದು ನೀವೇ ಅಂತ ಒಂದು ಮಾತು ಬರ್ಕೊಡಿ ಮಿಸ್ ಆರ್ಲೀನ್. ನಿಮಗೇನೂ ಆಗದ ಹಾಗೆ ಶೆರಿಫ್‌ಗೆ ಹೇಳ್ತೀನಿ. ನವೆಂಬರಲ್ಲಿ ಚುನಾವಣೆ, ನಿಮಗೇ ಗೊತ್ತಲ್ಲ."

"ಬರ್ಕೊಡ್ತೀನಿ. ಸಂಜೆ ಒಳಗೆ ಆ ಬಾಟ್ಲಿ ಈ ಮೇಜಿನ ಮೇಲಿರ್ಲಿ."

"ಅದು ಆಗಲ್ಲಮ್ಮ. ಹೊರಗಿಂದ ಬಂದಿರೋ ಎಣ್ಣೆ ವಾಪಸ್ ಕೊಡೋಕೆ ಕಾನೂನಲ್ಲಿ ಅವಕಾಶ ಇಲ್ಲ."

"ಆ ಕಾನೂನು ಬರೆದೋರು ಯಾರು?"

ರಾಯ್ಸ್ ಟೋಪಿಯ ಅಂಚು ತಿರುಗಿಸಿದ. "ನಾನೇ."

"ಅವನು ನೂರೈವತ್ತೆರಡು ಇದಾನೆ ಕಣೋ ರಾಯ್ಸ್!" ಒಳಕೋಣೆಯ ಕಡೆ ಕೈ ತೋರಿಸಿದೆ. "ಇನ್ನೆರಡು ಪೌಂಡು ಇಳಿದ್ರೆ ಔಷಧಿ ನಿಲ್ಲಿಸ್ತಾರೆ. ನೀನು ನವೆಂಬರ್ ಅಂತೀಯ. ನನಗೆ ಈ ವಾರ ದಾಟಿದ್ರೆ ಸಾಕಾಗಿದೆ."

ಅವನು ಒಳಕೋಣೆಯ ಬಾಗಿಲನ್ನು ಒಂದು ಸಲ ನೋಡಿದ. "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ," ಎಂದು ಎದ್ದು ಹೋದ. ನಾನು ಏನೂ ಬರೆದುಕೊಡಲಿಲ್ಲ.

ಭಾನುವಾರ ಪಾದ್ರಿಗಳು ಎಂದಿನಂತೆ, "ಯಾರಿಗಾದರೂ ಪ್ರಾರ್ಥನೆ ಬೇಕಿದ್ದರೆ ಎದ್ದು ಹೇಳಿ," ಎಂದರು. ನೇರಳೆ ಟೋಪಿ ಎದ್ದಿತು. ರಾಯ್ಸ್ ತಾಯಿಯ ಸೆರಗು ಹಿಡಿದೆಳೆಯುವವನಂತೆ ಅವರ ಕೋಟಿನ ತುದಿ ಹಿಡಿದ. ಅವರು ಅವನ ಕೈಗೆ ಪಟ್ಟೆಂದು ಹೊಡೆದರು.

"ನನ್ನ ಒಂದು ಪಾತ್ರೆ ಕಳೆದಿದೆ," ಎಂದರು ಮಿಸ್ ಯೂಲಲಿ, ಇಡೀ ಸಭೆಗೆ ಕೇಳುವಂತೆ. "ನೀಲಿ ಹೂವಿಂದು, ನಮ್ಮಮ್ಮ ಕೊಟ್ಟಿದ್ದು. ಐದು ದಿನದಿಂದ ಶೆರಿಫ್ ಹತ್ರ ಇದೆ. ಅದರಲ್ಲಿ ಏನಿತ್ತು ಅಂತ ನನಗೆ ಗೊತ್ತು, ಇಟ್ಟೋಳು ನಾನೇ. ಅದನ್ನ ಆರ್ಲೀನ್ ಮನೆಗೆ ಕೊಟ್ಟಿದ್ದೆ, ಅವಳ ಮನೆಗೇ ಹೋಗ್ಲಿ. ಈ ಊರಲ್ಲಿ ಬೇರೆಯವರ ಪಾತ್ರೆ ಖಾಲಿ ವಾಪಸ್ ಕೊಡೋರು ಯಾರೂ ಇಲ್ಲ ಅಂದ್ಕೊಂಡಿದೀನಿ."

ಆಮೇಲೆ ಅವರು ಕೂರಲಿಲ್ಲ. ಅವರ ಹಿಂದಿನ ಬೆಂಚಿನಿಂದ ಪಾದ್ರಿಗಳ ಹೆಂಡತಿ ಎದ್ದಳು. ಅವಳ ಪಕ್ಕದಲ್ಲಿ ವಾಂಡಾಳ ತಾಯಿ. ಕೌದಿ ಹೊಲಿಯುವ ಹನ್ನೊಂದು ಜನರೂ ಒಬ್ಬೊಬ್ಬರಾಗಿ ಎದ್ದು ನಿಂತರು, ಮೊಣಕಾಲು ಒಂದೂ ಲಟಕ್ಕೆನ್ನಲಿಲ್ಲ. ಹನ್ನೊಂದನೆಯವಳು ಶೆರಿಫ್‌ನ ಅತ್ತೆ. ಶೆರಿಫ್ ಹಾಡಿನ ಪುಸ್ತಕ ತೆರೆದು ಮುಖಕ್ಕೆ ಹಿಡಿದುಕೊಂಡ. ಪುಸ್ತಕ ತಲೆಕೆಳಗಾಗಿತ್ತು.

ಸೋಮವಾರ ಮಧ್ಯಾಹ್ನ ಲಮಾರ್ ಬಾಗಿಲು ತಟ್ಟಿದ. ಕೈಯಲ್ಲಿ ನೀಲಿ ಹೂವಿನ ಪಾತ್ರೆ, ತೊಳೆದು ಫಳಫಳ ಎನ್ನುತ್ತಿತ್ತು. ತುಂಬ ಅವನ ಹೆಂಡತಿ ಮಾಡಿದ ಚೀಸಿನ ಮ್ಯಾಕರೋನಿ. "ಸಾಕ್ಷಿ ಎಲ್ಲೋ ಕಳೆದೋಗಿದೆಯಂತೆ," ಎಂದ, ನನ್ನ ಹೆಗಲ ಮೇಲಿಂದ ಗೋಡೆ ನೋಡುತ್ತ. "ತಳದವರೆಗೂ ತಿನ್ನಿ ಅಂತ ಹೇಳೋಕೆ ಹೇಳಿದಾರೆ."

ನಾಲ್ಕು ಹನಿ. ಎಲ್ಬರ್ಟ್ ಗೋಡೆಗೊರಗಿ ಕಣ್ಣು ಮುಚ್ಚಿದ. ಒಂದು ಗಂಟೆಯಾದ ಮೇಲೆ ಅಡುಗೆಮನೆಗೆ ತಾನೇ ನಡೆದು ಬಂದ, ಕುರ್ಚಿ ಎಳೆದುಕೊಂಡ. ಮ್ಯಾಕರೋನಿ ಏಳು ಚಮಚ ತಿಂದ. ನಾನು ಎಣಿಸುತ್ತಿದ್ದೆ.

"ಉಪ್ಪು ಕಮ್ಮಿ," ಎಂದ.

ನಲವತ್ತಾರು ವರ್ಷದ ಸಂಸಾರದಲ್ಲಿ ನನ್ನ ಗಂಡ ಅಷ್ಟು ಮುದ್ದಾದ ಮಾತು ಆಡಿರಲಿಲ್ಲ. ಈ ಸಲ ನಲ್ಲಿ ಬಿಡದೆ ಅವನ ಎದುರಿಗೇ ಅತ್ತೆ.

ನವೆಂಬರಿನಲ್ಲಿ ರಾಯ್ಸ್ ಗೆದ್ದ. ಎಣ್ಣೆ ಎಲ್ಲಿಂದ ಬರಬೇಕೆಂದು ಅಧ್ಯಯನ ಮಾಡಲು ಒಂದು ಸಮಿತಿ ಮಾಡಿದ. ಅದು ಇನ್ನೂ ಅಧ್ಯಯನ ಮಾಡುತ್ತಿದೆ. ಮಂಗಳವಾರದ ವ್ಯಾನು ನಮ್ಮನೆಗೆ ಪಾತ್ರೆ ತಪ್ಪಿಸಲಿಲ್ಲ. ವರ್ಷ ತುಂಬಿದ ಮೇಲೆ ಕಾರ್ಡು ಹೊಸದು ಮಾಡಿಸಲು ಎಲ್ಬರ್ಟ್‌ನನ್ನು ಕರೆದೊಯ್ದೆ. ಬೂಟು, ಬೆಲ್ಟು, ಗೂಳಿಯ ಬಕಲು, ಎಲ್ಲ ತೊಟ್ಟು ಅವನು ಹೆಮ್ಮೆಯಿಂದ ತಕ್ಕಡಿ ಹತ್ತಿದ. ನೂರ ಎಪ್ಪತ್ತೆಂಟು. ನರ್ಸಮ್ಮ ಚಪ್ಪಾಳೆ ತಟ್ಟಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ತೂಕ ಬಂದ್ಬಿಟ್ಟಿದೆಯಲ್ಲಮ್ಮ. ಈಗ ಇವ್ರು ಸೊರಗಿಲ್ಲ. ಕಾರ್ಡು ಕೊಡೋ ಹಾಗಿಲ್ಲ."

"ತೂಕ ಬಂದಿದ್ದು ಆ ಎಣ್ಣೆಯಿಂದಲೇ!"

"ಗೊತ್ತು."

"ಮುಂದಿನ ತಿಂಗಳು ಮತ್ತೆ ಔಷಧಿ ಏರಿಸ್ತೀರ. ಮತ್ತೆ ವಾಂತಿ."

"ಗೊತ್ತಮ್ಮ. ಎಣ್ಣೆ ನಿಲ್ಲಿಸಿ. ಮತ್ತೆ ಹದಿನೆಂಟು ಪೌಂಡು ಇಳಿದ ತಕ್ಷಣ ಕರ್ಕೊಂಡು ಬನ್ನಿ, ನಾನೇ ಸಹಿ ಹಾಕ್ತೀನಿ."

ಬೂಟು ಬಿಚ್ಚಿಸೋಣವೆಂದರೆ ಅಷ್ಟು ಭಾರದ ಬೂಟು ಲೋಕದಲ್ಲಿಲ್ಲ. ಎಲ್ಬರ್ಟ್ ತಕ್ಕಡಿಯ ಮೇಲೇ ನಿಂತಿದ್ದ. "ನಾನು ಜಾಸ್ತಿ ತಿಂದ್ಬಿಟ್ನೇನೆ?" ಎಂದು ಕೇಳಿದ, ತಪ್ಪು ಮಾಡಿದವನ ಹಾಗೆ.

"ನೀನು ಇಳಿ," ಎಂದೆ. "ಮನೆಗೆ ಹೋಗೋಣ. ಊಟದ ಹೊತ್ತಾಯ್ತು."

ಮನೆಗೆ ಬಂದು ಅವನಿಗೆ ಬಡಿಸಿ, ಮೇಲಿನ ಕಪಾಟಿನಿಂದ ನನ್ನ ಮದುವೆಯ ಬಿಳಿ ಪಾತ್ರೆ ಇಳಿಸಿದೆ. ಇಷ್ಟು ದಿನ ಹೊಳೆ ದಾಟುತ್ತಿದ್ದವರು ಬೇರೆಯವರು. ಇನ್ನು ಇಟ್ಟುಕೊಳ್ಳುವುದೂ ಅಪರಾಧವೇ ಆದ ಮೇಲೆ ಪರರ ಪಾತ್ರೆಯ ಹಿಂದೆ ಯಾಕೆ ಅಡಗಲಿ? ಟೇಪು ಹರಿದು ತಳಕ್ಕೆ ಅಂಟಿಸಿ, ದಪ್ಪ ಪೆನ್ನಿನಲ್ಲಿ ಪೂರ್ತಿ ಹೆಸರು ಬರೆದೆ: ಆರ್ಲೀನ್ ಟಿಡ್‌ವೆಲ್. ಆಮೇಲೆ ಮಿಸ್ ಯೂಲಲಿಗೆ ಫೋನು ಮಾಡಿ ಮಂಗಳವಾರದ ವ್ಯಾನಿನಲ್ಲಿ ಒಂದು ಸೀಟು ಹೇಳಿದೆ.