ಬಾಸ್‌ಗೆ ತೊಡಿಸಿದ ಬೆಳ್ಳಿ ಅಂಗಿ

ಸಿನಿಮಾ ನಟ ವ್ಯೋಮೇಶ್ ತೀರಿಕೊಂಡ ಸುದ್ದಿ ಬಂದಾಗ ಫರ್ಹಾನಾ ತನ್ನ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಗಂಡ ದಾವೂದ್ ಹಿರಿಯೂರು ಬೈಪಾಸಿನಲ್ಲಿ ಲಾರಿಗಳಿಗೆ ವೈರಿಂಗ್ ಮಾಡುವವನು. ಅಲ್ಲಿಂದಲೇ ಫೋನು ಮಾಡಿದ.

"ನಿಮ್ಮ ವ್ಯೋಮೇಶ್ ಹೋಗ್ಬಿಟ್ನಂತೆ ಫರ್ಹಾನಾ. ಬೆಂಗಳೂರಾಗೆ, ಆಸ್ಪತ್ರೆಲಿ."

ಅವಳು ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟಳು. ಅಳು ಬಂದದ್ದು ಆಮೇಲೆ, ಅಂಗಡಿಯ ಮುಂದೆ ಹೋಗುತ್ತಿದ್ದ ಲಾರಿಯೊಂದು ಎದುರಿನ ಗಾಡಿಗೆ ದೀಪ ಡಿಮ್-ಡಿಪ್ ಮಾಡಿದಾಗ.

ವ್ಯೋಮೇಶ್‌ನ ಮೊದಲ ದೊಡ್ಡ ಸಿನಿಮಾದಲ್ಲಿ ಅವನು ಹೆದ್ದಾರಿಯ ಲಾರಿ ಡ್ರೈವರ್. ಬೇರೆ ಗ್ರಹದವರಿಗೆ ಸರಕು ಸಾಗಿಸಲು ಒಬ್ಬ ಒಳ್ಳೆಯ ಡ್ರೈವರ್ ಬೇಕಾಗಿ, ಡಾಬಾದಲ್ಲಿ ಮುದ್ದೆ ಉಣ್ಣುತ್ತಿದ್ದ ಇವನನ್ನು ಎತ್ತಿಕೊಂಡು ಹೋಗುತ್ತಾರೆ. ಬೆಳ್ಳಿ ಬಣ್ಣದ ಅಂಗಿ ತೊಟ್ಟು, ಗಾಜಿನ ಟೋಪಿ ಹಾಕಿಕೊಂಡು, ಶನಿಗ್ರಹದ ಉಂಗುರದ ಮೇಲೆ ಗಾಡಿ ಓಡಿಸುತ್ತಾ ಅವನು ಎದುರಿಗೆ ಬಂದ ಉಲ್ಕೆಗಳಿಗೆ ಹಾರ್ನ್ ಹೊಡೆಯುತ್ತಿದ್ದ. ಯಾರಾದರೂ ದಾರಿ ಬಿಟ್ಟರೆ ಮುಷ್ಟಿ ಎತ್ತಿ, ಬಿಚ್ಚಿ, ಮುಚ್ಚಿ 'ಡಿಮ್-ಡಿಪ್' ಅನ್ನುತ್ತಿದ್ದ. ಫರ್ಹಾನಾ ಹೈಸ್ಕೂಲಿನಲ್ಲಿದ್ದಾಗ ಅಮ್ಮ ಖಾತುನ್ ಬೀ ಜೊತೆ ಹೋಗಿ ಅದನ್ನು ನೋಡಿದ್ದಳು. ಸಿನಿಮಾ ಬೇಡವೆನ್ನುತ್ತಿದ್ದ ಅಮ್ಮನೇ ಇಂಟರ್ವಲ್ಲಿನಲ್ಲಿ, "ಇನ್ನೊಂದ್ ಸಲ ಬರಾಣ," ಅಂದಿದ್ದಳು. ಆಕಾಶ ನೋಡಿದರೂ ನಗು ಬರುತ್ತದೆ ಅಂತ ತಾಯಿ ಮಗಳಿಬ್ಬರಿಗೂ ಅವತ್ತೇ ಗೊತ್ತಾದದ್ದು.

ಎರಡು ವರ್ಷದ ಹಿಂದೆ ಅವನು ಹಿರಿಯೂರಿಗೆ ಬಂದಾಗ ಅಭಿಮಾನಿ ಸಂಘದವರು ಅಂಥದೇ ಬೆಳ್ಳಿ ಅಂಗಿಯನ್ನು ಅವಳ ಕೈಲಿ ಹೊಲಿಸಿದ್ದರು. ಎದೆ ಮೇಲೆ ನೀಲಿ ಲೈಟುಗಳನ್ನು ಕೂರಿಸಿದವನು ದಾವೂದ್. ಆ ಬಟ್ಟೆ ಕಾರಿಗೆ ಹೊದಿಸುವ ಕವರಿನಂಥದ್ದು, ಮೈಗೆ ಅಂಟುತ್ತದೆ ಅಂತ ಫರ್ಹಾನಾ ಒಳಗೆ ತೆಳು ಕಾಟನ್ ಅಸ್ತರು ಕೊಟ್ಟಿದ್ದಳು. ವೇದಿಕೆ ಇಳಿದ ಮೇಲೆ ವ್ಯೋಮೇಶ್ ತಾನೇ ಹುಡುಕಿಕೊಂಡು ಬಂದು, "ಇದನ್ನ ಹೊಲಿದವ್ರು ನೀವಾ ತಾಯಿ? ಇಷ್ಟ್ ವರ್ಷದಾಗೆ ಇವತ್ತೇ ನಂಗೆ ಬೆನ್ನು ತುರಿಸಲಿಲ್ಲ ನೋಡ್ರಿ," ಎಂದು ಕೈ ಮುಗಿದಿದ್ದ. ಮುಖದ ತುಂಬ ಬೆವರು, ಸುಸ್ತು. ಜನ ಅವನನ್ನು ಎಳೆದುಕೊಂಡು ಹೋದರು. ಅಂಗಿ, ಗಾಜಿನ ಟೋಪಿ ಆಮೇಲೆ ಸಂಘದವರ ಬಳಿಯೇ ಉಳಿದವು.

ಮಧ್ಯಾಹ್ನದ ಹೊತ್ತಿಗೆ ಸರ್ಕಲ್ಲಿನಲ್ಲಿ ಮೂರಾಳೆತ್ತರದ ಕಟೌಟು ಎದ್ದಿತ್ತು. ಕ್ಯಾನುಗಟ್ಟಲೆ ಹಾಲು ತಂದು ಸುರಿಯುತ್ತಿದ್ದರು. ಬಿಸಿಲಿಗೆ ಹಾಲು ರಸ್ತೆ ಮೇಲೇ ಒಡೆದು, ಚಪ್ಪಲಿಗಳ ಕೆಳಗೆ ಬೂದು ಬಣ್ಣದ ಮುದ್ದೆಯಾಗಿ, ನೊಣ ಗುಂಯ್ಯೆನ್ನುತ್ತಿದ್ದವು. ಆ ಹುಳಿ ವಾಸನೆ ಫರ್ಹಾನಾಳ ಅಂಗಡಿಯವರೆಗೂ ಬಂತು. ಸಂಘದ ಅಧ್ಯಕ್ಷ ಕಲ್ಲೇಶ್ ಮೈಕು ಹಿಡಿದು ಅಂಗಡಿ ಮುಚ್ಚಿಸುತ್ತಿದ್ದ. ಅವನಿಗೆ ಮುಂದಿನ ನಗರಸಭೆ ಚುನಾವಣೆಯ ಮೇಲೆ ಕಣ್ಣಿತ್ತು. ಕಟೌಟಿನ ಕೆಳಗೆ ಅವನದೇ ಮುಖ ವ್ಯೋಮೇಶ್‌ನ ಮುಖಕ್ಕಿಂತ ಸ್ವಲ್ಪವೇ ಚಿಕ್ಕದಾಗಿ ಅಚ್ಚಾಗಿತ್ತು.

ಮಂಡಕ್ಕಿ-ಮೆಣಸಿನಕಾಯಿ ಮಾರುವ ಸಣ್ಣಪ್ಪ ಗಾಡಿ ಮುಚ್ಚಲು ತಡ ಮಾಡಿದ.

"ಲೇ, ಬಾಸ್ ಸತ್ತಿರೋ ದಿನ ಬಜ್ಜಿ ಕರೀತೀಯೇನೋ?" ಎಂದು ಒಬ್ಬ ಗಾಡಿಗೆ ಒದ್ದ. ಬಾಣಲೆ ಮಗುಚಿ ಎಣ್ಣೆ ರಸ್ತೆಗೆ ಹರಿಯಿತು. ಸಣ್ಣಪ್ಪ ಕಾಲು ಸುಡದಂತೆ ಹಿಂದೆ ಸರಿದ. ಒದ್ದವನೇ ತಟ್ಟೆಯಲ್ಲಿ ಉಳಿದಿದ್ದ ಬಜ್ಜಿಗಳನ್ನು ಹಂಚಿದ. ಎಲ್ಲರೂ ತಿಂದು, ಎಣ್ಣೆಗೈಯನ್ನು ತಲೆಗೆ ಕಟ್ಟಿದ್ದ ಕಪ್ಪು ಬಟ್ಟೆಗೆ ಒರೆಸಿಕೊಂಡು, ಮತ್ತೆ 'ಬಾಸ್ ಅಮರ' ಅಂತ ಕೂಗಿದರು.

ಅಷ್ಟರಲ್ಲಿ ಕಲ್ಲೇಶ್ ಅವಳ ಅಂಗಡಿಗೇ ಬಂದ. "ಅಕ್ಕಾ, ಬೆಳ್ಳಿ ಅಂಗಿ ನಿನ್ ಹತ್ರನೇ ಐತಲ್ಲ? ಜಿಪ್ ಹಾಕೋಕೆ ಕೊಟ್ಟಿದ್ವಿ. ಕೊಡು. ಬಾಡಿ ಬಾಸ್ ಊರಿಗೆ ಬರ್ತೈತೆ. ಪಾದದ ಹತ್ರ ಇಟ್ಟು ಕೈಮುಗೀತೀವಿ."

"ನಾನೂ ಬರ್ತೀನಿ," ಎಂದಳು ಫರ್ಹಾನಾ. ಜಿಪ್ಪಿನ ಕೆಲಸ ಇನ್ನೂ ಸ್ವಲ್ಪ ಉಳಿದಿತ್ತು. ಸೂಜಿ, ದಾರ, ಕತ್ತರಿ ಚೀಲಕ್ಕೆ ಹಾಕಿಕೊಂಡಳು. ಈ ಗುಂಪಿನ ಜೊತೆ ಒಬ್ಬಳೇ ಬೇಡವೆಂದು ದಾವೂದ್ ಕೂಡ ಹೊರಟ.

ವ್ಯೋಮೇಶ್‌ನ ಊರು ಹೊಳಲ್ಕೆರೆ ತಾಲೂಕಿನದು, ಹೊರಕೆರೆದೇವರಪುರದ ಹತ್ತಿರದ ಒಂದು ಹಟ್ಟಿ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಅಕ್ಕ ಏಕಾಂತಮ್ಮ ಒಬ್ಬಳೇ. ಸಂಘದವರ ಟೆಂಪೋ ಚಿತ್ರದುರ್ಗ ಮುಟ್ಟುವಾಗ ಬೈಕುಗಳು ಸೇರಿಕೊಂಡವು. ಸೈಲೆನ್ಸರ್ ಕಿತ್ತ ಬೈಕುಗಳು, ಜೋಗಿಮಟ್ಟಿ ಬೆಟ್ಟದಿಂದ ಸದ್ದು ತಿರುಗಿ ಬರುವಂತೆ ಕಿರುಚುತ್ತಾ ಹೋದವು. ದಾರಿಯಲ್ಲಿ ಯಾರೋ ಬಾಟಲಿ ತೆರೆದರು. ಒಬ್ಬ ಅಳುತ್ತಾ ವಿಡಿಯೋ ಮಾಡಿ, ನೋಡಿಕೊಂಡು, ಚೆನ್ನಾಗಿಲ್ಲವೆಂದು ಇನ್ನೊಂದು ಸಲ ಅತ್ತ.

ಮನೆಯಂಗಳದಲ್ಲಿ ಐಸ್ ಪೆಟ್ಟಿಗೆ ಇಟ್ಟಿದ್ದರು. ಏಕಾಂತಮ್ಮ ಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟು ಕೂತಿದ್ದಳು. ಫರ್ಹಾನಾ ಹತ್ತಿರ ಹೋಗಿ ತಾನು ಯಾರೆಂದು ಹೇಳಿದಳು.

"ಅಸ್ತರು ಹಾಕಿಕೊಟ್ಟ ಹುಡುಗಿ ನೀನೇನವ್ವಾ?" ಎಂದಳು ಏಕಾಂತಮ್ಮ. "ಹೇಳಿದ್ದ ನಮ್ಮ ಪಾಲಯ್ಯ. ಬಾ, ಕುಂತ್ಕ. ಆ ಬಟ್ಟೆ ಅಂದ್ರೆ ಅವನಿಗೆ ಆಗ್ತಿರ್ಲಿಲ್ಲ. ಶೂಟಿಂಗಿಂದ ಬಂದ್ರೆ ಬೆನ್ನೆಲ್ಲ ಬೊಬ್ಬೆ. ನಾನು ಕೊಬ್ರಿ ಎಣ್ಣೆ ಹಚ್ಚೋಳು. ಜನ ಬಿಡಲ್ಲಕ್ಕ ಅನ್ನೋನು."

ಪಾಲಯ್ಯ. ಅದು ಅವನ ಹುಟ್ಟು ಹೆಸರೆಂದು ಫರ್ಹಾನಾಳಿಗೆ ಅವತ್ತೇ ತಿಳಿದದ್ದು.

"ಬಿಳಿ ಪಂಚೆ ಉಡಿಸಿ, ನಮ್ಮಪ್ಪನ ಕಂಬಳಿ ಹೊದಿಸಿ, ಅವ್ವನ ಪಕ್ಕ ಮಣ್ಣು ಮಾಡ್ತೀವಿ. ಇನ್ನೇನ್ ಬೇಡ," ಎಂದಳು ಏಕಾಂತಮ್ಮ.

ಹೆಣಕ್ಕೆ ನೀರು ಹಾಕುವ ಹೊತ್ತಾಯಿತು. ಮನೆಯ ಗಂಡಸರೆಂದರೆ ಕರಿಯಣ್ಣ ಎಂಬ ಮುದುಕ ಚಿಕ್ಕಪ್ಪ ಒಬ್ಬನೇ. ಕಲ್ಲೇಶ್ ಮುಂದೆ ಬಂದು, "ನಾವೂ ಮಕ್ಕಳಿದ್ದಂಗೇ ಅಮ್ಮ, ನಾವೇ ಎತ್ತಿ ನೀರು ಹಾಕ್ತೀವಿ," ಎಂದ. ಏಕಾಂತಮ್ಮ ನಂಬಿದಳು. ಆರೇಳು ಜನ ದೇಹವನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಕರಿಯಣ್ಣನನ್ನು ಹೊರಗೆ ಕಳಿಸಿದರು. ಒಳಗಿಂದ ಏನೋ ಪರ್ರನೆ ಹರಿದ ಸದ್ದು. ಯಾರೋ ನಕ್ಕರು. "ಜೋರಾಗಿ ಎಳಿಯಲೇ, ಅವರಿಗೇನು ನೋಯ್ತೈತಾ," ಎಂದ ಒಬ್ಬ.

ಫರ್ಹಾನಾ ಟೆಂಪೋ ಕಡೆ ನೋಡಿದಳು. ಸೀಟಿನ ಮೇಲಿಟ್ಟಿದ್ದ ಅಂಗಿಯ ಗಂಟು ಇರಲಿಲ್ಲ.

ಬಾಗಿಲು ತೆರೆದಾಗ ಅಂಗಳದಲ್ಲಿದ್ದ ಜನ ಹೋ ಎಂದರು. ವ್ಯೋಮೇಶ್‌ಗೆ ಬೆಳ್ಳಿ ಅಂಗಿ ತೊಡಿಸಿದ್ದರು. ಸೆಟೆದ ಕೈ ತೋಳಿನೊಳಗೆ ಹೋಗದೆ ಬಗಲಿನ ಹೊಲಿಗೆ ಕಿತ್ತಿತ್ತು. ತಲೆಗೆ ಗಾಜಿನ ಟೋಪಿ ತುರುಕಿದ್ದರು. ಕಿವಿ ಒಂದು ಕಡೆ ಮಡಚಿಕೊಂಡಿತ್ತು. ಮೂಗಿನ ಹತ್ತಿ ಗಾಜಿಗೆ ಒತ್ತಿಕೊಂಡಿತ್ತು. ಎದೆ ಮೇಲೆ ದಾವೂದ್ ಕೂರಿಸಿದ್ದ ನೀಲಿ ಲೈಟುಗಳು ಮಿಣಮಿಣ ಉರಿಯುತ್ತಿದ್ದವು. ಅಂಗಿ ಮೇಲೆಲ್ಲ ಸೆಂಟು ಹೊಡೆದಿದ್ದರು. ಆ ಸೆಂಟು, ಊದುಬತ್ತಿ, ಹೆಂಡದ ಉಸಿರು ಎಲ್ಲ ಕೂಡಿದ ವಾಸನೆಗೆ ಫರ್ಹಾನಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ದೇಹವನ್ನು ಕುರ್ಚಿಗೆ ಕಟ್ಟಿ ಕೂರಿಸಿದರು. ಕಲ್ಲೇಶ್ ಫೋನು ಹಿಡಿದವನಿಗೆ ಸನ್ನೆ ಮಾಡಿ, ಸತ್ತವನ ಬಲಗೈಯನ್ನು ಮೊಣಕೈಯಲ್ಲಿ ಹಿಡಿದು ಮೇಲೆತ್ತಿದ. ಇನ್ನೊಬ್ಬ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಚಿ, ಮತ್ತೆ ಬಿಡಿಸಿದ.

"ಡಿಮ್!" ಎಂದು ಕಲ್ಲೇಶ್ ಕೂಗಿದ.

"ಡಿಪ್!" ಎಂದು ಅಂಗಳವೆಲ್ಲ ಕೂಗಿತು. ಕೂಗುತ್ತಿದ್ದವರ ಕಣ್ಣಲ್ಲಿ ನೀರೂ ಇತ್ತು. ಅದನ್ನು ನೋಡಿ ಫರ್ಹಾನಾಳಿಗೆ ಇನ್ನಷ್ಟು ಹೇಸಿಗೆಯಾಯಿತು. ಸುಳ್ಳು ಅಳುವಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವರು ನಿಜವಾಗಿಯೂ ಅಳುತ್ತಾ ಇದನ್ನು ಮಾಡುತ್ತಿದ್ದರು. ಅವಳು ಗೋಡೆ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡಳು. ದಾವೂದ್ ಅವಳ ತಲೆ ಹಿಡಿದುಕೊಂಡ. "ಹೋಗಾಣ ನಡಿ, ಇಲ್ಲಿರೋದ್ ಬೇಡ," ಎಂದ.

ಹಿಂದಿನಿಂದ ಏಕಾಂತಮ್ಮನ ದನಿ ಕೇಳಿತು. ಅವಳು ಕೂಗಲಿಲ್ಲ. ತಮ್ಮನಿದ್ದ ಕುರ್ಚಿಯ ಮುಂದೆ ಬಂದು ನಿಂತಿದ್ದಳು.

"ಇದನ್ನ ಹೊಲಿದೋಳು ಎಲ್ಲಿ?"

"ಇಲ್ಲಿದೀನಮ್ಮ," ಎಂದಳು ಫರ್ಹಾನಾ, ಬಾಯಿ ಒರೆಸಿಕೊಂಡು.

"ಬಿಚ್ಚವ್ವ ಇದನ್ನ. ನನ್ ತಮ್ಮನ ಮೈ ಮೇಲಿಂದ ಬಿಚ್ಚು."

ಫರ್ಹಾನಾ ಚೀಲದಿಂದ ಕತ್ತರಿ ತೆಗೆದಳು. ಕಲ್ಲೇಶ್ ಅಡ್ಡ ಬಂದ. "ಅಕ್ಕಾ, ಲೈವ್ ಹೋಗ್ತೈತೆ. ಸಾವಿರಾರು ಜನ ನೋಡ್ತಾ ಅವ್ರೆ. ಐದು ನಿಮಿಷ ತಡಿ."

"ಸರಿಯೋ ಆ ಕಡೆ," ಎಂದಳು ಫರ್ಹಾನಾ.

"ಇದು ಸಂಘದ ಆಸ್ತಿ ಅಕ್ಕಾ."

"ಹೆಣಕ್ಕೆ ತೊಡಿಸಿದ ಮೇಲೆ ಅದು ಹೆಣದ್ದು. ಅವರಕ್ಕ ಹೇಳವ್ರೆ. ಸರಿ!"

ದಾವೂದ್ ಮುಂದೆ ಬಂದು ಎದೆಯ ಮೇಲಿನ ವೈರನ್ನು ಕಿತ್ತ. ಲೈಟುಗಳು ಆರಿದವು. ಕರಿಯಣ್ಣ ಗಾಜಿನ ಟೋಪಿ ತೆಗೆದು, ಮಡಚಿದ್ದ ಕಿವಿಯನ್ನು ಸರಿ ಮಾಡಿದ. ಫರ್ಹಾನಾ ಕುತ್ತಿಗೆಯಿಂದ ಕತ್ತರಿ ಹಾಕಿದಳು. ಮೈ ಐಸಿನಂತೆ ತಣ್ಣಗಿತ್ತು. ಕತ್ತರಿಯ ತುದಿ ಎಲ್ಲಿ ಚರ್ಮಕ್ಕೆ ತಾಗುವುದೋ ಎಂದು ಎಡಗೈ ಬೆರಳುಗಳನ್ನು ಬಟ್ಟೆಯಡಿ ತೂರಿಸಿಕೊಂಡೇ ಕತ್ತರಿಸಿದಳು. ಏಕಾಂತಮ್ಮ ಕಂಬಳಿ ಬಿಡಿಸಿ ಅಡ್ಡ ಹಿಡಿದಿದ್ದಳು. ಕಂಬಳಿಯ ಮೇಲಿನಿಂದ ಫೋನುಗಳು ಒಂದೊಂದಾಗಿ ಇಣುಕಿದವು.

ಕತ್ತರಿಸಿದ ತೋಳನ್ನು ಅವಳು ನೆಲಕ್ಕೆ ಹಾಕಿದಳು. ಹಾಕಿದ್ದೇ ತಡ, ಯಾರದೋ ಕೈ ಕಂಬಳಿಯಡಿಯಿಂದ ಬಂದು ಅದನ್ನು ಎಳೆದುಕೊಂಡಿತು.

"ಬಾಸ್ ಮೈ ಮೇಲಿದ್ದದ್ದು ಕಣ್ರಲೇ!"

ಆಮೇಲೆ ಅವರನ್ನು ತಡೆಯುವುದು ಆಗಲಿಲ್ಲ. ಬಿದ್ದ ಬಿದ್ದ ತುಂಡಿಗೆ ಮುಗಿಬಿದ್ದರು. ಹಲ್ಲಿನಿಂದ ಕಚ್ಚಿ ಹರಿದುಕೊಂಡರು. ಒಬ್ಬ ತುಂಡನ್ನು ಕಣ್ಣಿಗೊತ್ತಿಕೊಂಡ, ಇನ್ನೊಬ್ಬ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ. ಒಬ್ಬ ಅವಳ ಕೈಯಲ್ಲಿದ್ದುದನ್ನೇ ಕಿತ್ತುಕೊಳ್ಳಲು ಹೋಗಿ ಕತ್ತರಿಗೆ ಬೆರಳು ಕೊಯ್ದುಕೊಂಡು, ರಕ್ತ ಸೋರುವ ಬೆರಳನ್ನು ಫೋನಿಗೆ ತೋರಿಸಿ, "ಬಾಸ್‌ಗೋಸ್ಕರ!" ಎಂದ. ಅವಳು ಹೆಣದ ಮರ್ಯಾದೆ ಉಳಿಸಲೆಂದು ಕತ್ತರಿಸುತ್ತಿದ್ದುದು ಅವರ ಪಾಲಿಗೆ ಪ್ರಸಾದ ಹಂಚಿದಂತೆ ಆಗಿಹೋಗಿತ್ತು.

ತುಂಡು ಸಿಕ್ಕವರು ಹೊರಟರು. ಸಿಗದವರು ಅವರನ್ನು ಅಟ್ಟಿಸಿಕೊಂಡು ಹೊರಟರು. ಹೊಲದಲ್ಲಿ ಮಣ್ಣು ಮಾಡುವಾಗ ಉಳಿದದ್ದು ಹಟ್ಟಿಯ ಜನ, ಫರ್ಹಾನಾ, ದಾವೂದ್. ಬಿಳಿ ಪಂಚೆಯಲ್ಲಿ, ಅಪ್ಪನ ಕಂಬಳಿಯಲ್ಲಿ ಪಾಲಯ್ಯ ಗುಂಡಿಗಿಳಿದ. ಫರ್ಹಾನಾ ಕೂಡ ಒಂದು ಹಿಡಿ ಮಣ್ಣು ಹಾಕಿದಳು. ಯಾರೂ ಏನೂ ಕೂಗಲಿಲ್ಲ.

ಆ ವಾರವೇ ಕಲ್ಲೇಶ್ ಅಂಗಡಿಗೆ ಬಂದ. ಅವಳು ಬೈಯುವಳೇನೋ ಎಂಬ ಅಳುಕೂ ಅವನಲ್ಲಿರಲಿಲ್ಲ.

"ಅಕ್ಕಾ, ಅವತ್ತು ನೀನ್ ಮಾಡಿದ್ದು ಭಾರಿ ಒಳ್ಳೇದಾಯ್ತು. ವಿಡಿಯೋ ಎಲ್ಲಾ ಕಡೆ ಓಡಾಡ್ತೈತೆ. ಹೊಸದುರ್ಗದಿಂದ, ದಾವಣಗೆರೆಯಿಂದ ಫೋನು, ನಮಗೂ ಒಂದು ತುಂಡು ಬೇಕು ಅಂತ. ಆ ಬಟ್ಟೆ ಇನ್ನೂ ಉಳಿದಿತ್ತಲ್ಲ?" ಅವನು ಅಟ್ಟದ ಮೇಲಿದ್ದ ಬೆಳ್ಳಿ ಬಣ್ಣದ ಬಟ್ಟೆಯ ಥಾನಿನ ಕಡೆ ಕೈ ತೋರಿಸಿದ. "ಸಣ್ ಸಣ್ಣದಾಗಿ ಕತ್ತರಿಸಿ ಕೊಡು. ಸ್ವಲ್ಪ ಮಣ್ಣಲ್ಲಿ ಹೊರಳಾಡಿಸಿದ್ರೆ ಯಾರಿಗೆ ಗೊತ್ತಾಗ್ತೈತೆ?"

ಫರ್ಹಾನಾ ಅವನ ಮುಖವನ್ನೇ ನೋಡಿದಳು. ಅಲ್ಲಿ ನಾಚಿಕೆ ಹುಡುಕಿದಳು. ಸಿಗಲಿಲ್ಲ.

"ಹೊರಗೆ ನಡಿ," ಎಂದಳು.

"ಯಾಕಕ್ಕಾ, ಜನರ ಭಕ್ತಿ..."

"ಹೊರಗೆ ನಡಿಯೋ! ನಿನ್ ಉಸಿರು ತಾಗಿದ್ ಬಟ್ಟೆ ಒಗೀಬೇಕು ನಾನೀಗ."

ಅವನು ನಗುತ್ತಲೇ ಹೋದ. ಫರ್ಹಾನಾ ಥಾನನ್ನು ಇಳಿಸಿ, ಹಿತ್ತಲಲ್ಲಿ ಸೀಮೆಎಣ್ಣೆ ಸುರಿದು ಸುಟ್ಟಳು. ಪ್ಲಾಸ್ಟಿಕ್ಕಿನಂತೆ ಕರಗಿ ಕಪ್ಪು ಹೊಗೆ ಬಂತು. ಕಲ್ಲೇಶನಿಗೆ ಬೇರೆಲ್ಲೋ ಅಂಥದೇ ಬಟ್ಟೆ ಸಿಕ್ಕಿತು. ತಿಂಗಳೊಳಗೆ ಹೇರ್‌ಕಟಿಂಗ್ ಶಾಪಿನಲ್ಲಿ, ಮೊಬೈಲ್ ಅಂಗಡಿಯಲ್ಲಿ, ಖಾಸಗಿ ಬಸ್ಸಿನ ಡ್ರೈವರ್ ಮುಂದೆ ಫ್ರೇಮು ಹಾಕಿದ ಬೆಳ್ಳಿ ತುಂಡುಗಳು ನೇತಾಡಿದವು. ಅವನ್ನೆಲ್ಲ ಕೂಡಿಸಿದರೆ ಇಡೀ ಊರಿಗೇ ಅಂಗಿ ಹೊಲಿಯಬಹುದಿತ್ತು.

ಒಂದು ಭಾನುವಾರ ಅವಳು ದಾವೂದ್ ಜೊತೆ ಹಟ್ಟಿಗೆ ಹೋದಳು. ಏಕಾಂತಮ್ಮ ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದಳು. ಸಮಾಧಿ ಇದ್ದ ಕಡೆ ದಿಬ್ಬ ಇರಬೇಕಿತ್ತು. ಅಲ್ಲಿದ್ದದ್ದು ಹಳ್ಳ. ಸುತ್ತ ನೀರಿನ ಬಾಟಲಿ, ಗುಟ್ಕಾ ಚೀಟಿ, ಬಾಡಿದ ಹಾರ.

"ಬಂದ್ ಬಂದೋರು ಕವರಿಗೆ ಮಣ್ಣು ತುಂಬ್ಕೊಂಡ್ ಹೋಗ್ತಾರೆ ಕಣವ್ವ," ಎಂದಳು ಏಕಾಂತಮ್ಮ. "ಮುಳ್ಳು ಕಡಿದು ಹಾಕಿಸ್ದೆ, ಅದನ್ನೂ ಸರಿಸಿ ತೊಗೊಂಡ್ರು. ಮೊನ್ನೆ ಕಂಬಳಿ ತುದಿ ಕಾಣಿಸ್ತು. ನಾನಿಲ್ಲೇ ಕುಂತು ಅತ್ತೆ. ಅದನ್ನೂ ಫೋಟೋ ತೆಗೆದ್ರು."

ಅವಳು ಪಕ್ಕದ ಬದುವಿನಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತರುತ್ತಿದ್ದಳು. ದಾವೂದ್ ಸಲಿಕೆ ತೆಗೆದುಕೊಂಡು ಅಗೆಯತೊಡಗಿದ. ಫರ್ಹಾನಾ ಇನ್ನೊಂದು ಬುಟ್ಟಿ ಹಿಡಿದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಿಸಿಲೇರುವಷ್ಟರಲ್ಲಿ ಹಳ್ಳ ಮುಚ್ಚಿ, ಮೇಲೆ ಸ್ವಲ್ಪ ದಿಬ್ಬ ಎದ್ದಿತು. ದಾವೂದ್ ದೊಡ್ಡ ಚಪ್ಪಡಿ ಕಲ್ಲುಗಳನ್ನು ಉರುಳಿಸಿ ತಂದು ಒತ್ತೊತ್ತಾಗಿ ಜೋಡಿಸಿದ.

ಆಗ ಒಂದು ಬೈಕು ಬಂತು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕವರಿತ್ತು.

"ಇದೇನಾ ಬಾಸ್ ಸಮಾಧಿ? ಒಂಚೂರು ಸರೀರಿ ಮೇಡಂ, ಫ್ರೇಮಲ್ಲಿ ಬರ್ತಿದೀರ."

ಫರ್ಹಾನಾ ಸರಿಯಲಿಲ್ಲ. ಕಲ್ಲಿನ ಮೇಲೇ ಕೂತಳು. ಏಕಾಂತಮ್ಮನೂ ಬಂದು ಪಕ್ಕದಲ್ಲಿ ಕೂತಳು. ಹುಡುಗರು ಕಾದರು, ಫೋನು ನೋಡಿಕೊಂಡರು, ಮತ್ತೆ ಕಾದರು. ಕೊನೆಗೆ ಕವರನ್ನು ಅಲ್ಲೇ ಎಸೆದು ಬೈಕು ಹತ್ತಿದರು. ಏಕಾಂತಮ್ಮ ಅವರು ಹೋದ ದಾರಿಗೆ ಕ್ಯಾಕರಿಸಿ ಉಗಿದು, "ಏಳವ್ವ, ಮುದ್ದೆ ತಿರುವ್ತೀನಿ, ಉಂಡ್ ಹೋಗೀರಂತೆ," ಎಂದಳು.