ಮಾರಣ್ಣ ಕಣ್ಣು ಮುಚ್ಚಿ ಓದಿದ್ದು

ಕ್ಯಾತಮ್ಮನ ಅಂಗಾಲಿಗೆ ಜಾಲಿ ಮುಳ್ಳು ನಟ್ಟಿತ್ತು. ಮಗ ಮಾರಣ್ಣ ಪಿನ್ನು ಹಿಡಿದು ಕೂತಿದ್ದ. ತಾಯಿಯ ಪಾದವನ್ನು ಬಿಸಿಲಿಗೆ ತಿರುಗಿಸಿದ. ಹತ್ತಿರ ತಂದು ನೋಡಿದ. ಆಮೇಲೆ ಕೈ ಚಾಚಿ ದೂರ ಹಿಡಿದ.

"ಅಯ್ಯೋ, ಅಲ್ಲಲ್ಲ ಕಣ್ಲಾ! ಚೆನ್ನಾಗಿರೋ ಜಾಗನೆಲ್ಲ ಚುಚ್ತಿದ್ದೀಯಲ್ಲ!"

"ನೀನು ಕಾಲು ಅಳ್ಳಾಡಿಸ್ಬೇಡ ಕಣವ್ವ."

"ನಾನೆಲ್ಲಿ ಅಳ್ಳಾಡಿಸ್ದೆ? ಮುಳ್ಳು ಕರ್ರಗೆ ಎದ್ದು ಕಾಣ್ತೈತೆ. ಕಬ್ಬಿಣದಾಗೆ ಕೂದ್ಲೆಳೆಯಂಥ ಬಿರುಕು ಹುಡುಕ್ತಾನಂತೆ ಇವ್ನು!"

ಸೊಸೆ ನಾಗಕ್ಕ ಬಂದು ಪಿನ್ನು ಕಿತ್ತುಕೊಂಡಳು. ಒಂದೇ ಸಲಕ್ಕೆ ಮುಳ್ಳು ಹೊರಗೆ ಬಂತು. ಕ್ಯಾತಮ್ಮ ನಕ್ಕಳು. ನಾಗಕ್ಕ ನಗಲಿಲ್ಲ. ಗಂಡನ ಮುಖ ನೋಡಿದಳು.

ಇವರದು ಶಿರಾ ಹತ್ತಿರದ ಒಂದು ಹಟ್ಟಿ, ಕುರಿ ಸಾಕುವ ಮನೆ. ಮಾರಣ್ಣ ಎಸ್.ಎಸ್.ಎಲ್.ಸಿ. ಮುಗಿಸಿ ಪೇಟೆಯ ಹಬೀಬ್ ಸಾಬರ ವೆಲ್ಡಿಂಗ್ ಅಂಗಡಿ ಸೇರಿದ್ದ. ಅಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕಿದ. ಆದರೆ ಬೆಸುಗೆ ಹಾಕುವುದು ಒಂದು ಕೆಲಸ, ಹಾಕಿದ ಬೆಸುಗೆ ಭಾರ ತಡೆಯುತ್ತದೆಯೇ ಎಂದು ನೋಡಿ ಹೇಳುವುದು ಇನ್ನೊಂದು ಕೆಲಸ. ಹಬೀಬ್ ಸಾಬರೇ ಅವನನ್ನು ಎರಡನೆಯದಕ್ಕೆ ನೂಕಿದರು. ಮಾರಣ್ಣ ನಕ್ಷೆ ಓದುವುದನ್ನು ಕಲಿತ. ನಿಯಮದ ಪುಸ್ತಕ ಓದಿದ. ಬೆಂಗಳೂರಿಗೆ ಹೋಗಿ ಪರೀಕ್ಷೆಗೆ ಕೂತ. ಮೊದಲ ಸಲ ಫೇಲಾದ. ಎಂಬತ್ತೊಂದನೇ ಇಸವಿಯಲ್ಲಿ ಮತ್ತೆ ಕೂತು ಪಾಸಾಗಿ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆದ.

"ನಮ್ಮ ಹಟ್ಟಿ ಇನ್‌ಸ್ಪೆಕ್ಟ್ರಿಗೆ ಲಾಠಿ ಇಲ್ಲ, ಟೋಪಿ ಇಲ್ಲ, ಬಸ್ಸಿಗೆ ಮಾತ್ರ ದಿನಾ ಓಡ್ತಾನೆ" ಎಂದು ಜನ ತಮಾಷೆ ಮಾಡುತ್ತಿದ್ದರು. ಓಡಬೇಕಿತ್ತು. ಹಳ್ಳಿಗಳಿಗೆ ನೀರಿನ ಟ್ಯಾಂಕು ಕಟ್ಟುವ ಕಂಟ್ರಾಕ್ಟರನ ಬಳಿ ಅವನ ಕೆಲಸ. ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲಿ ಟ್ಯಾಂಕು ಎದ್ದರೂ ಅದರ ಕಬ್ಬಿಣದ ಕಾಲುಗಳ ಬೆಸುಗೆಯನ್ನು ಮಾರಣ್ಣ ನೋಡಬೇಕು. ಅವನು ಸೈ ಎಂದ ಮೇಲೆಯೇ ನೀರು ತುಂಬುತ್ತಿದ್ದರು.

ಅವನ ಸರ್ಟಿಫಿಕೇಟಿಗೆ ಮೂರು ವರ್ಷದ ಅವಧಿ. ಈ ದೀಪಾವಳಿಗೆ ಅದು ಮುಗಿಯುತ್ತಿತ್ತು. ಮುಂದುವರಿಸಬೇಕಾದರೆ ಎರಡು ಬೇಕು. ಇದೇ ಕೆಲಸದಲ್ಲಿ ಇದ್ದೇನೆ ಎಂಬುದಕ್ಕೆ ಪತ್ರ, ಕಣ್ಣು ಸರಿಯಾಗಿದೆ ಎಂದು ಡಾಕ್ಟರ ರುಜು.

"ಪತ್ರ ಸಿಕ್ತದೆ," ಎಂದ ಮಾರಣ್ಣ. "ಕಣ್ಣಿನ ಮಾತೇ ಬ್ಯಾಡ. ಮಂಜಾಗೈತೆ ಅಂತ ಡಾಕ್ಟ್ರು ಬರೆದ್ರೆ ಸರ್ಟಿಫಿಕೇಟು ಹೋಯ್ತು, ಕೆಲ್ಸನೂ ಹೋಯ್ತು. ಆಮೇಲೆ ಕುರಿ ಹಿಂದೆ ಹೋಗೋದೆಯ."

"ಕುರಿನಾದ್ರೂ ಕಾಣ್ತಾವಾ ನಿಂಗೆ?" ಎಂದಳು ನಾಗಕ್ಕ.

ಕ್ಯಾತಮ್ಮನಿಗೆ ಸಿಟ್ಟು ಬಂತು. "ಒಂದ್ಸಲ ಪಾಸಾದ್ಮೇಲೆ ಪಾಸೇ ಅಲ್ವೇನೆ? ಮೂರು ವರ್ಷಕ್ಕೊಂದ್ಸಲ ಯಾರಾದ್ರೂ ಮದ್ವೆ ಮಾಡ್ಕೊಂತಾರಾ? ಓಗ್ಲಿ ಬುಡು. ಆಸ್ಪತ್ರೆ ಗೋಡೆ ಮ್ಯಾಲಿನ ಅಕ್ಷರ ಓದಿಸ್ತಾರೆ, ಅಷ್ಟೇ ತಾನೆ? ನಮ್ಮೋರು ಬೆಳಗಾಗೋ ಗಂಟ ದೇವ್ರ ಪದ ಹೇಳ್ತಾರೆ. ಒಬ್ರಾದ್ರೂ ಪುಸ್ತಕ ನೋಡವ್ರಾ? ನೀನು ಓಗಿ ಆ ಅಕ್ಷರ ನೋಡ್ಕಂಡು ಬಾರೆ. ಮಿಕ್ಕಿದ್ದು ನಂಗೆ ಬುಡು."

ನಾಗಕ್ಕ ಏಳನೇ ಕ್ಲಾಸು ಓದಿದವಳು. ಕಿರಿಯ ಮಗುವಿಗೆ ಲಸಿಕೆ ಹಾಕಿಸುವ ನೆಪದಲ್ಲಿ ಶಿರಾ ಆಸ್ಪತ್ರೆಗೆ ಹೋದಳು. ಗೋಡೆಯ ಮೇಲಿನ ಅಕ್ಷರಗಳನ್ನು ಸಾಲಾಗಿ ಮನಸ್ಸಿನಲ್ಲಿಟ್ಟುಕೊಂಡು ಬಂದಳು. ಕ್ಯಾತಮ್ಮ ಅದಕ್ಕೊಂದು ಧಾಟಿ ಕಟ್ಟಿದಳು. ರಾಗಿ ಬೀಸುವಾಗ ಹೇಳಿದಳು, ಕುರಿ ಅಟ್ಟುವಾಗ ಹೇಳಿದಳು. ಮಾರಣ್ಣ ಹಿಂದೆ ಹಿಂದೆ ದನಿಗೂಡಿಸಿದ.

"ರ ಟ ಮ ಗ... ಪ ನ ಲ ದ ವ..."

"ಇದ್ಯಾವ ದೇವ್ರ ಪದನೇ ಕ್ಯಾತಕ್ಕ?" ಎಂದು ಪಕ್ಕದ ಮನೆಯ ಹನುಮಕ್ಕ ಕೇಳಿದಳು.

"ಆಸ್ಪತ್ರೆ ದೇವ್ರದು ಕಣೆ. ಹೊಸಾದು."

ಕಣ್ಣಿನ ಡಾಕ್ಟರು ಶಿರಾಕ್ಕೆ ವಾರಕ್ಕೊಂದು ದಿನ ಬರುತ್ತಿದ್ದರು. ಆ ದಿನ ಮೂವರೂ ಹೋದರು. ಡಾಕ್ಟರ ಕೋಣೆಯಲ್ಲಿ ನರ್ಸ್ ಆಗಿದ್ದವಳು ಜಹೀದಾ, ಹಬೀಬ್ ಸಾಬರ ಮಗಳು. ಮಾರಣ್ಣನನ್ನು ಅಂಗಡಿಯಲ್ಲಿ ನೋಡುತ್ತಲೇ ಬೆಳೆದವಳು. ಅವನು ತಂದಿದ್ದ ಸರ್ಟಿಫಿಕೇಟಿನ ಫಾರಂ ತೆಗೆದುಕೊಂಡು ಓದಿದಳು.

"ಬಾ ಅಣ್ಣ, ಕೂತ್ಕೊ. ಮೇಲಿಂದ ಓದು."

ಮಾರಣ್ಣ ಗಂಟಲು ಸರಿಮಾಡಿಕೊಂಡ. "ರ ಟ ಮ ಗ..." ಎಂದು ಶುರುಮಾಡಿದ. ಮೊದಲ ಸಾಲು ಮಾತಿನಂತೆ ಬಂತು. ಎರಡನೆಯದಕ್ಕೆ ಧಾಟಿ ಸೇರಿತು. ಮೂರನೆಯದಕ್ಕೆ ತಲೆ ತೂಗಿತು. ಪದ ಹೇಳುವವರ ಅಭ್ಯಾಸ ಅದು, ಧಾಟಿ ಹತ್ತಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಮಾರಣ್ಣ ಕೊನೆಯ ಸಾಲುಗಳನ್ನು ಕಣ್ಣು ಮುಚ್ಚಿಕೊಂಡು, ಒಂದಕ್ಷರ ತಪ್ಪದಂತೆ ಓದಿ ಮುಗಿಸಿದ.

ಬಾಗಿಲಲ್ಲಿ ನಿಂತಿದ್ದ ಕ್ಯಾತಮ್ಮ ಹಣೆ ಚಚ್ಚಿಕೊಂಡಳು.

ಜಹೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ನಿಲ್ಲಿಸಲು ಅವಳಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

"ಯಾ ಅಲ್ಲಾ! ಅಣ್ಣ, ಇದು ದೂರದ ಕಣ್ಣಿಗೆ. ನಿಂಗೆ ದೂರದ್ದು ಚೆನ್ನಾಗೇ ಕಾಣುತ್ತೆ. ದೂರದ ಬಸ್ಸಿನ ಬೋರ್ಡು ನೀನೇ ಓದ್ತೀಯಲ್ಲ, ಕಣ್ಣು ಬಿಟ್ಟಿದ್ರೆ ಇದನ್ನೂ ಹಂಗೇ ಓದ್ತಿದ್ದೆ. ನಿನ್ನ ಸರ್ಟಿಫಿಕೇಟಿಗೆ ಬೇಕಾಗಿರೋದು ಹತ್ತಿರದ್ದು. ತಗೊ, ಇದನ್ನ ಓದು."

ಅವಳು ಸಣ್ಣಕ್ಷರದ ಒಂದು ಕಾರ್ಡನ್ನು ಅವನ ಕೈಗೆ ಕೊಟ್ಟು, ಒಂದಡಿ ದೂರದಲ್ಲಿ ಹಿಡಿಸಿದಳು. ಮಾರಣ್ಣ ನೋಡಿದ. ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡಿದವು. ಅವನು ಕಾರ್ಡನ್ನು ಕೆಳಗಿಟ್ಟ.

"ಬರೀ ತಾಯಿ, ಕಾಣಲ್ಲ ಅಂತ ಬರೀ. ಮುಗೀತು ನನ್ ಕೆಲ್ಸ."

"ಯಾರು ಹೇಳಿದ್ದು ಮುಗೀತು ಅಂತ? ನಲವತ್ತು ದಾಟಿದ್ರೆ ಎಲ್ಲರಿಗೂ ಹಿಂಗೇ. ಕನ್ನಡಕ ಹಾಕ್ಕೊಂಡು ಓದಬಹುದು. ಹಾಕ್ಕೊಂಡು ಓದಿದ್ರೂ ಪಾಸೇ. ನೀನು ತಂದ ಫಾರಂನಲ್ಲೇ ಇದೆಯಲ್ಲ, ಓದಿಲ್ವಾ?"

"ಸಣ್ಣಕ್ಷರದಾಗೆ ಐತೆ" ಎಂದ ಮಾರಣ್ಣ ಮೆಲ್ಲಗೆ.

ಈ ಸಲ ನಾಗಕ್ಕನೂ ನಕ್ಕಳು. ಕ್ಯಾತಮ್ಮ ಮಾತ್ರ ಒಳಗೆ ಬಂದು ಕೇಳಿದಳು, "ಅಲ್ಲ ಕಣವ್ವ, ಇಷ್ಟು ವರ್ಷ ಕೆಲ್ಸ ಮಾಡೋನ್ನ ಮತ್ತೆ ಮತ್ತೆ ಯಾಕೆ ಪರೀಕ್ಸೆ ಮಾಡ್ಬೇಕು?"

"ಅಜ್ಜಿ, ಕುರಿ ಉಣ್ಣೆ ಒಂದ್ಸಲ ಕತ್ತರಿಸಿ ಸಾಕು ಅಂತ ಬಿಡ್ತೀರಾ?"

"ಬುಟ್ರೆ ಆಯ್ತದಾ? ಮತ್ತೆ ಬೆಳೀತದಲ್ಲ."

"ಕಣ್ಣೂ ಹಂಗೇ ಬದಲಾಗುತ್ತೆ. ಕೆಲಸದ ನಿಯಮಗಳೂ ಬದಲಾಗ್ತವೆ. ಅದಕ್ಕೇ ಆಗಾಗ ನೋಡಬೇಕು."

ಕ್ಯಾತಮ್ಮ ಕೆಳಗಿದ್ದ ಕಾರ್ಡನ್ನು ತೆಗೆದು ಮಗನ ಕೈಗಿಟ್ಟಳು.

ಡಾಕ್ಟರು ಗಾಜುಗಳನ್ನು ಬದಲಾಯಿಸಿ ಬದಲಾಯಿಸಿ ಹಾಕಿ ನೋಡಿದರು. ಮಾರಣ್ಣ ಕಾರ್ಡಿನ ಅತಿ ಸಣ್ಣ ಸಾಲನ್ನೂ ಓದಿದ. ಯಾವ ಧಾಟಿಯೂ ಇರಲಿಲ್ಲ. ಕನ್ನಡಕದೊಂದಿಗೆ ದೃಷ್ಟಿ ಸರಿಯಾಗಿದೆ ಎಂದು ಡಾಕ್ಟರು ರುಜು ಹಾಕಿದರು. ಮಾರಣ್ಣ ಆ ಗಾಜಿನಲ್ಲೇ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕಿಡಿ ಸಿಡಿದ ಹಳೆಯ ಚುಕ್ಕೆಗಳೆಲ್ಲ ಕಂಡವು.

ಕನ್ನಡಕ ಕೈಗೆ ಬಂದ ದಿನ ಹಟ್ಟಿಯಲ್ಲಿ ಎಲ್ಲರೂ "ಮೇಷ್ಟ್ರು ಬಂದ್ರು" ಎಂದು ನಕ್ಕರು. ಮಾರಣ್ಣ ನಗಲಿಲ್ಲ.

"ಯಾಕಯ್ಯ?" ಎಂದಳು ನಾಗಕ್ಕ.

"ತೋವಿನಕೆರೆ ಸ್ಕೂಲಿನ ಟ್ಯಾಂಕು. ಹೋದ್ವಾರ ಸೈ ಅಂತ ಯೋಳಿ ಬಂದ್ಬುಟ್ಟೆ. ನಾಳೆ ನೀರು ತುಂಬ್ತಾರೆ."

"ಅಂಗಾದ್ರೆ ಇನ್ನೂ ಇಲ್ಲೇ ಕುಂತಿದ್ದೀಯಾ? ಏಳು."

ಆ ಹೊತ್ತಿನಲ್ಲಿ ಬಸ್ಸಿರಲಿಲ್ಲ, ಮರುದಿನ ಮೊದಲ ಬಸ್ಸಿಗೇ ಹೊರಟ. ಅವನು ಹೋದಾಗ ಮೋಟಾರು ಚಾಲೂ ಮಾಡಲು ಎಲ್ಲ ಸಿದ್ಧವಾಗಿತ್ತು. ಮಕ್ಕಳು ಲೋಟ ಹಿಡಿದುಕೊಂಡು ಟ್ಯಾಂಕಿನ ಕಾಲುಗಳ ನಡುವೆಯೇ ಓಡಾಡುತ್ತಿದ್ದರು. ಮಾರಣ್ಣ ಮೋಟಾರು ಹಾಕದಂತೆ ತಡೆದ, ಮಕ್ಕಳನ್ನು ದೂರ ಕಳಿಸಿದ. ಅಲ್ಲಿ ಬೆಸುಗೆ ಹಾಕಿದ್ದವನು ಚಿಕ್ಕರಂಗಯ್ಯ. ಅವನಿಗೆ ರೇಗಿತು.

"ಏನ್ ಇನ್‌ಸ್ಪೆಕ್ಟ್ರೆ, ಕನ್ನಡಕ ಹಾಕ್ದೇಟ್ಗೆ ನನ್ ಬೆಸುಗೆ ಕೆಟ್ಟೋಯ್ತಾ?"

"ನಂಗೂ ಗೊತ್ತಿಲ್ಲ ಕಣಪ್ಪ. ನೋಡಾನ ತಡಿ."

ಮೂರು ಕಾಲು ಚೆನ್ನಾಗಿದ್ದವು. ನಾಲ್ಕನೆಯದರಲ್ಲಿ, ಅಡ್ಡಪಟ್ಟಿ ಕೂಡುವ ಕಡೆ, ಬೆಸುಗೆಯ ಅಂಚಿನಲ್ಲಿ ಒಂದು ಗೆರೆ ಕಂಡಿತು. ಮಾರಣ್ಣ ಅದನ್ನು ಉಜ್ಜಿ ಚೊಕ್ಕಟ ಮಾಡಿದ. ಕೆಂಪು ದ್ರಾವಣ ಸವರಿ, ಕಾದು, ಒರೆಸಿ, ಮೇಲೆ ಬಿಳಿಯದನ್ನು ಹಚ್ಚಿದ. ಬಿರುಕೇನಾದರೂ ಇದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ಇಬ್ಬರೂ ಬಗ್ಗಿ ಕಾದರು. ಮೆಲ್ಲಗೆ, ಬೆರಳುದ್ದದ ಕೆಂಪು ಗೆರೆ ಮೂಡಿತು.

ಚಿಕ್ಕರಂಗಯ್ಯ ತಲೆಯ ಮೇಲಿನ ಟ್ಯಾಂಕನ್ನೂ ದೂರದಲ್ಲಿ ನಿಂತ ಮಕ್ಕಳನ್ನೂ ನೋಡಿದ. ಅವನ ದನಿ ಇಳಿಯಿತು. "ತಪ್ಪು ನಂದೇ ಅಣ್ಣ."

"ನಂದೂ ಐತೆ. ಹೋದ್ವಾರವೂ ಇದು ಇಲ್ಲೇ ಇತ್ತು, ನಂಗೆ ಕಂಡಿರ್ಲಿಲ್ಲ. ಕಿತ್ತು ಹೊಸದಾಗಿ ಹಾಕು. ನಾನು ಇಲ್ಲೇ ಇರ್ತೀನಿ."

ಸಂಜೆಯ ಹೊತ್ತಿಗೆ ಹೊಸ ಬೆಸುಗೆ ಬಿತ್ತು. ಅದು ತಣ್ಣಗಾದ ಮೇಲೆ ಮತ್ತೆ ಕೆಂಪು ಹಚ್ಚಿ ನೋಡಿದರು. ಬಿಳಿ ಬಿಳಿಯಾಗಿಯೇ ಉಳಿಯಿತು. ಮಾರನೆಯ ದಿನ ನೀರು ತುಂಬಿದರು.

ಕಂಟ್ರಾಕ್ಟರನಿಗೂ ನಡೆದದ್ದನ್ನು ಮಾರಣ್ಣ ತಾನೇ ಹೇಳಿದ. ಕಣ್ಣು ಮಂಜಾದ ಮೇಲೆ ನೋಡಿದ್ದ ಟ್ಯಾಂಕುಗಳನ್ನೆಲ್ಲ ಇನ್ನೊಮ್ಮೆ ನೋಡಿ ಬಂದ, ಅವು ಗಟ್ಟಿಯಾಗಿದ್ದವು. ಕಂಟ್ರಾಕ್ಟರ ಗೊಣಗಿದ, ಆದರೆ ಪತ್ರ ಕೊಟ್ಟ. ದೀಪಾವಳಿಗೆ ಮೊದಲೇ ಎಲ್ಲವನ್ನೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದಾಯಿತು. ಹೊಸ ಅವಧಿಯ ಸರ್ಟಿಫಿಕೇಟು ಬಂದ ದಿನ ಕ್ಯಾತಮ್ಮ ಹಟ್ಟಿಗೆಲ್ಲ ಬೆಲ್ಲ ಹಂಚಿದಳು.

"ಇನ್ನು ಮೂರು ವರ್ಷಕ್ಕೆ ನಾನೇ ಎಳ್ಕಂಡೋಯ್ತೀನಿ ಆಸ್ಪತ್ರೆಗೆ" ಎಂದಳು. "ಆ ಸಾಬರ ಮಗ್ಳ ತಾವ ನನ್ ಕಣ್ಣೂ ತೋರಿಸ್ಕಂತೀನಿ. ಪದ ಮಾತ್ರ ಕಲಿಯಲ್ಲ."

ಚಿಕ್ಕರಂಗಯ್ಯ ಈಗ ರಜೆಯ ದಿನ ಹಬೀಬ್ ಸಾಬರ ಅಂಗಡಿಗೆ ಬಂದು, ಅಲ್ಲಿಗೆ ಬರುವ ಮಾರಣ್ಣನ ಹತ್ತಿರ ನಕ್ಷೆ ಓದುವುದನ್ನು ಕಲಿಯುತ್ತಿದ್ದಾನೆ. ಅವನಿಗೂ ಪರೀಕ್ಷೆ ಕಟ್ಟುವ ಆಸೆ ಹುಟ್ಟಿದೆ.

ಬೆಸುಗೆ ಕೆಲಸದ ಅಣ್ಣತಮ್ಮಂದಿರೇ, ಕೈ ಪಳಗಿದ್ದರೆ ಅಲ್ಲಿಗೇ ನಿಲ್ಲಬೇಡಿ. ಇನ್‌ಸ್ಪೆಕ್ಟರ್ ಪರೀಕ್ಷೆಗೆ ಎಷ್ಟು ಓದಿರಬೇಕು, ಎಷ್ಟು ವರ್ಷ ಕೆಲಸ ಮಾಡಿರಬೇಕು ಎಂದು ಪರೀಕ್ಷೆ ನಡೆಸುವವರನ್ನೇ ಕೇಳಿ. ಒಂದು ಸಲ ಫೇಲಾದರೆ ಮತ್ತೆ ಕೂರಿ. ಪಾಸಾದವರು ಸರ್ಟಿಫಿಕೇಟನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ನೋಡಿ. ಸಣ್ಣಕ್ಷರ ಕಾಣದಿದ್ದರೆ ನಾಚಬೇಡಿ, ಆಸ್ಪತ್ರೆಗೆ ಹೋಗಿ. ಮನೆಯ ಹೆಂಗಸರೇ, ಅವರು ಹೊರಡದಿದ್ದರೆ ನೀವು ಹೊರಡಿಸಿ.

ಟ್ಯಾಂಕಿನ ಕೆಳಗೆ ನಿಲ್ಲುವ ಮಗು ತಲೆಯೆತ್ತಿ ಬೆಸುಗೆ ನೋಡುವುದಿಲ್ಲ. ಯಾರೋ ದೊಡ್ಡವರು ನೋಡಿದ್ದಾರೆ ಎಂದುಕೊಂಡು ನಲ್ಲಿಗೆ ಲೋಟ ಹಿಡಿಯುತ್ತದೆ.